ಲೆಕ್ಕಕ್ಕೆ ಬಾರದ ಎರಡು ಅಂಕ

ತಂತಿಯ ಎರಡು ತುದಿಗಳನ್ನು ಸೀಸದ ಬಿಲ್ಲೆಯ ತೂತುಗಳಲ್ಲಿ ಪೋಣಿಸಿ, ಇಕ್ಕಳದ ಬಾಯಿಗೆ ಕೊಟ್ಟು ಒಮ್ಮೆ ಬಲವಾಗಿ ಅದುಮಿದಾಗ ಬಿಲ್ಲೆ ಚಪ್ಪಟೆಯಾಗಿ ಅದರ ಮೇಲೆ ಇಲಾಖೆಯ ಹಳೆಯ ಗುರುತು ಮೂಡಿತು. ತೂಕದ ಸಾಹೇಬರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾಲ್ಕೂ ಕಡೆ ತಿರುಗಿಸಿ ನೋಡಿದರು. ತಂತಿಯನ್ನು ಕತ್ತರಿಸದೆ ಇನ್ನು ಇದರ ಮುಚ್ಚಳ ತೆರೆಯುವಂತಿಲ್ಲ. ಮುದ್ರೆ ಬಿದ್ದ ಇನ್ನೆರಡು ಡಬ್ಬಿಗಳು ಮೇಜಿನ ಮೇಲಿದ್ದವು. ಬೆಳಗಿನದರಲ್ಲಿ ಬೇಯಿಸಿದ ಆಲೂಗಡ್ಡೆ ಎಂಬತ್ತು ಗ್ರಾಂ, ಅಂದರೆ ಒಂದು ಅಂಕ. ಮಧ್ಯಾಹ್ನದ್ದರಲ್ಲಿ ಅನ್ನ ನಲವತ್ತೈದು ಗ್ರಾಂ, ಅದೂ ಒಂದು ಅಂಕ. ಸಂಜೆಯದರಲ್ಲಿ ಮತ್ತೆ ಆಲೂಗಡ್ಡೆ. ಒಟ್ಟು ಮೂರು.

ಅವರ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿಯ ತಕ್ಕಡಿಯನ್ನು ಒರೆಗೆ ಹಚ್ಚಿದವರು. ಅವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಅಂಗಡಿಯವನು ತಟ್ಟೆಯಡಿ ಅಂಟಿಸಿದ ಮೇಣವನ್ನು ಕೀಳುತ್ತಿದ್ದನೆಂದು ಜನ ನಗುತ್ತಿದ್ದರು. ಆ ಇಕ್ಕಳವನ್ನು ಅವರು ಕದ್ದು ತಂದದ್ದಲ್ಲ. ಬಾಯಿ ಸವೆದಿದೆಯೆಂದು ಇಲಾಖೆಯೇ ರದ್ದುಮಾಡಿತ್ತು. ಡಬ್ಬಿಗೆ ಅಷ್ಟು ಸವೆದದ್ದು ಸಾಕಿತ್ತು.

ಮಗಳ ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿ. ಬಾಗಿಲು ತೆರೆದದ್ದು ಬೀಗಿತ್ತಿ. ಆಕೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ಮುನ್ನೂರು ಊಟಕ್ಕೆ ಅಡುಗೆ ಮಾಡುವವಳು. ಉಪ್ಪನ್ನು ಹಿಡಿಯಿಂದ ಎರಚುವವಳು, ನೀರನ್ನು ಕಣ್ಣಳತೆಯಲ್ಲಿ ಹೊಯ್ಯುವವಳು. ಸಾಹೇಬರ ಕೈಚೀಲವನ್ನು ನೋಡಿ ಆಕೆ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಬಂತಪ್ಪಾ ಖಜಾನೆ," ಅಂದಳು. "ಬೀಗರೇ, ಆ ಇಕ್ಕಳ ಜೇಬಲ್ಲೇ ಇದ್ರೆ ಪಕ್ಕದ ಮನೆ ಬೆಕ್ಕಿನ ಬಾಯಿಗೂ ಒಂದು ಮುದ್ರೆ ಒತ್ತಿ ಹೋಗಿ. ಅದೂ ಯಾವತ್ತಾದ್ರೂ ಬಂದು ನಿಮ್ಮ ಮಗಳಿಗೆ ಹಾಲು ಕುಡಿಸಿಬಿಟ್ಟೀತು."

"ನನಗೆ ಜಗಳ ಬೇಕಾಗಿಲ್ಲ."

"ಜಗಳ ಆಡೋಕೆ ನನಗೆಲ್ಲಿ ಪುರುಸೊತ್ತು? ಮುನ್ನೂರು ಜನ ತಟ್ಟೆ ಬಡೀತಿರ್ತಾರೆ ಅಲ್ಲಿ. ಅವರಲ್ಲಿ ಒಬ್ಬನೂ ನನ್ನ ಕೈಯಡುಗೆ ತಿಂದು ಸತ್ತಿಲ್ಲ ನೋಡಿ, ಅದೇ ಆಶ್ಚರ್ಯ."

ಮಗಳು ಬಚ್ಚಲಿನಿಂದ ಬಾಯಿ ಒರೆಸಿಕೊಳ್ಳುತ್ತ ಬಂದಳು. ಬೆಳಗಿನಿಂದ ಮೂರನೆಯ ವಾಂತಿ. ಅಡುಗೆಮನೆಯ ಕಟ್ಟೆಯ ಮೇಲೆ ಆಸ್ಪತ್ರೆಯ ಪುಡಿಯನ್ನು ನೀರಿನಲ್ಲಿ ಕದಡಿದ ಲೋಟವಿತ್ತು. ತೊಯ್ದ ರಟ್ಟಿನ ವಾಸನೆ ಬರುವ ಆ ದ್ರವವನ್ನು ಅವಳು ಮೂಗು ಹಿಡಿದು, ನಡುನಡುವೆ ನಿಲ್ಲಿಸಿ ಕುಡಿದಳು. ಸಾಹೇಬರು ಲೋಟವನ್ನು ಇಸಿದುಕೊಂಡು ತಳವನ್ನು ನೋಡಿದರು, ಮೂಸಿದರು, ಕೆಳಗಿಟ್ಟರು.

"ಅಪ್ಪಾ, ಡಾಕ್ಟ್ರು ಮೂರೇ ಅಂದ್ರಾ?"

"ಮೂರೇ."

"ಹೋದ ವಾರ ನಾಲ್ಕಿತ್ತು."

"ನಂಬರು ಏರ್ತಿದೆಯಲ್ಲ. ಏರಿದರೆ ಇಳಿಸಬೇಕು. ಇದರಲ್ಲಿ ಕೇಳೋದೇನಿದೆ?"

ಅವಳು ಕೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಮರೆತುಹೋದವಳ ಹಾಗೆ ಸ್ವಲ್ಪ ಹೊತ್ತು ನಿಂತು, ಮೂರು ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಳು. ಅವಳು ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಎರಡು ಅಡಿ ಉದ್ದಕ್ಕೆ ಅಲುಗದೆ ಎಳೆಯಬಲ್ಲವಳು. ಆದರೆ ಆ ತಿಂಗಳು ಒಂದು ರಸ್ತೆಯನ್ನು ಎರಡು ಸಲ ಬರೆದಳೆಂದು ಮೇಲಿನವರು ಹಾಳೆಯನ್ನು ವಾಪಸು ಕಳಿಸಿದ್ದರು.

ಬಾಗಿಲು ಮುಚ್ಚಿದ ಮೇಲೆ ಬೀಗಿತ್ತಿ ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಅವಳ ಕೈಗಡಿಯಾರದ ಪಟ್ಟಿಗೆ ನಿಮ್ಮ ಅಳಿಯ ಎರಡು ತೂತು ಹೊಸದಾಗಿ ಕೊರೆದಿದ್ದಾನೆ. ಒಂದಲ್ಲ, ಎರಡು. ಹೊಟ್ಟೇಲಿರೋದು ಬೆಳೀಬೇಕು, ಹೊತ್ತಿರೋಳು ಕರಗ್ತಿದಾಳೆ. ಇದು ಯಾವ ಲೆಕ್ಕ?"

"ನಿಮಗೆ ಅರ್ಥವಾಗುವ ಲೆಕ್ಕವಲ್ಲ," ಎಂದು ಹೇಳಿ ಸಾಹೇಬರು ಮೆಟ್ಟಿಲಿಳಿದರು.

ಅವರಿಗೆ ಆ ಲೆಕ್ಕ ಕಂಠಪಾಠವಾಗಿತ್ತು. ಗಂಡ ಹೆಂಡಿರಿಬ್ಬರ ರಕ್ತದಲ್ಲೂ ಸದ್ದಿಲ್ಲದೆ ಅಡಗಿದ್ದ ಒಂದೊಂದು ದೋಷ ಒಟ್ಟುಗೂಡಿದರೆ ಹುಟ್ಟುವ ಮಗುವಿಗೆ ಕಾಯಿಲೆ. ನಾಲ್ಕರಲ್ಲಿ ಒಂದಕ್ಕೆ ಹಾಗಾಗಬಹುದೆಂದು ವೈದ್ಯರು ಹೇಳಿದ್ದರು. ಸಾಹೇಬರಿಗೆ ಇದ್ದದ್ದು ಇಬ್ಬರು ಮಕ್ಕಳು, ಇಬ್ಬರಿಗೂ ಬಂದಿತ್ತು. ಪ್ರೋಟೀನಿನಲ್ಲಿರುವ ಒಂದು ಅಂಶವನ್ನು ಒಡೆಯುವ ಶಕ್ತಿ ಅಂಥ ದೇಹಕ್ಕಿಲ್ಲ. ಒಡೆಯದೆ ಉಳಿದದ್ದು ರಕ್ತದಲ್ಲಿ ಸೇರಿ ಮಿದುಳನ್ನು ಕೆಡಿಸುತ್ತದೆ. ಮೊದಲನೆಯವನು ಗಂಡುಮಗು. ಅವನಿಗೆ ಹೀಗಿದೆಯೆಂದು ತಿಳಿದದ್ದು ನಾಲ್ಕನೆಯ ವರ್ಷದಲ್ಲಿ. ಅಷ್ಟರಲ್ಲಿ ದಿನಕ್ಕೆ ಮೂರು ಲೋಟ ಹಾಲನ್ನು ತಂದೆಯೇ ಕೈಯಾರೆ ಕುಡಿಸಿದ್ದರು, ಮಗ ಗಟ್ಟಿಯಾಗಲೆಂದು. ಒಂಬತ್ತು ವರ್ಷ ಬದುಕಿ, ಒಂದು ದಿನವೂ ಅಪ್ಪಾ ಎನ್ನದೆ ಅವನು ಹೋದ.

ಆದ್ದರಿಂದ ಎರಡನೆಯ ಮಗುವನ್ನು ಹುಟ್ಟಿದ ಹತ್ತನೆಯ ದಿನವೇ ಪರೀಕ್ಷೆ ಮಾಡಿಸಿದರು. ಅಂದಿನಿಂದ ಹತ್ತೊಂಬತ್ತು ವರ್ಷ ಹುಡುಗಿ ತಿಂದ ತುತ್ತೆಲ್ಲ ಅವರ ತಕ್ಕಡಿಯ ಮೇಲೆ ಹಾದುಹೋಯಿತು. ಹೆಂಡತಿ ತೀರಿಕೊಂಡ ವಾರವೂ ತೂಕ ತಪ್ಪಲಿಲ್ಲ. ಹುಡುಗಿ ಓದಿದಳು, ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಾರು ತೆಗೆದಳು. ಆ ತೊಂಬತ್ತಾರು ತಮ್ಮ ತಕ್ಕಡಿಯ ಮುಳ್ಳಿನಿಂದ ಬಂದದ್ದೆಂದು ಸಾಹೇಬರು ಯಾರಲ್ಲೂ ಹೇಳಲಿಲ್ಲವಾದರೂ ಅದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ಮಿದುಳು ಬಲಿತ ಮೇಲೆ ಪಥ್ಯ ಸಡಿಲಿಸಬಹುದೆಂದು ಆಗಿನ ವೈದ್ಯರು ಹೇಳಿದ್ದರಿಂದ ಅವಳು ಏಳು ವರ್ಷ ಎಲ್ಲರಂತೆ ತಿಂದಳು. ಈಗ ಬಸುರಿಗಾಗಿ ಮತ್ತೆ ತಕ್ಕಡಿಗೆ ಬಂದಿದ್ದಳು. ಅಳಿಯನ ರಕ್ತ ಶುದ್ಧವಾಗಿತ್ತು, ಮಗುವಿಗೆ ಕಾಯಿಲೆ ಬರುವಂತಿರಲಿಲ್ಲ. ಆದರೆ ತಾಯಿಯ ರಕ್ತದಲ್ಲಿ ಏರಿದ್ದು ಮಗುವಿನ ರಕ್ತದಲ್ಲಿ ಒಂದೂವರೆ ಪಟ್ಟು ಏರುತ್ತದೆ. ಕಾಯಿಲೆಯಿಲ್ಲದ ಮಗುವೂ ಹೊಟ್ಟೆಯಲ್ಲಿದ್ದಾಗಲೇ ಕೆಟ್ಟುಹೋಗಬಹುದು. ರಕ್ತದಲ್ಲಿ ಆ ಅಂಶ ಎಷ್ಟಿದೆಯೆಂದು ಹೇಳುವ ನಂಬರು ನೂರಿಪ್ಪತ್ತರಿಂದ ಮುನ್ನೂರ ಅರವತ್ತರ ಒಳಗಿರಬೇಕು. ಒಂದು ಗ್ರಾಂ ಪ್ರೋಟೀನು ಅಂದರೆ ಒಂದು ಅಂಕ; ದಿನಕ್ಕೆ ಆರು ಅಂಕದ ಅನ್ನ ಅಥವಾ ಆಲೂಗಡ್ಡೆ, ಆ ಅಂಶವನ್ನು ತೆಗೆದ ಪ್ರೋಟೀನಿನ ಪುಡಿ ಮೂರು ಸಲ. ಉಳಿದಂತೆ ಸಕ್ಕರೆ, ಎಣ್ಣೆ, ಸೇಬು, ಕಿತ್ತಳೆ, ಆಸ್ಪತ್ರೆಯವರು ಕೊಡುವ ಪ್ರೋಟೀನಿಲ್ಲದ ಹಿಟ್ಟಿನ ಬ್ರೆಡ್ಡು. ಇವುಗಳ ಪಟ್ಟಿಯ ಮೇಲೆ ಆಹಾರತಜ್ಞೆ "ಲೆಕ್ಕವಿಲ್ಲದೆ ತಿನ್ನಬಹುದು" ಎಂದು ಬರೆದಿದ್ದಳು. ಲೆಕ್ಕವಿಲ್ಲದೆ ಎಂಬ ಮಾತಿನಲ್ಲಿ ಸಾಹೇಬರಿಗೆ ನಂಬಿಕೆಯಿರಲಿಲ್ಲ. ಎಲ್ಲವನ್ನೂ ಅವರು ಅರ್ಧಕ್ಕಿಳಿಸಿದರು.

ಆರನೆಯ ವಾರದವರೆಗೆ ನಂಬರು ಇನ್ನೂರ ಹತ್ತು. ವಾಂತಿ ಶುರುವಾದ ಏಳನೆಯ ವಾರ ನಾನೂರ ಹತ್ತು. ಪ್ರತಿ ಸೋಮವಾರ ಬೆರಳು ಚುಚ್ಚಿ ಕಾರ್ಡಿನ ಮೇಲೆ ರಕ್ತದ ಹನಿ ಒತ್ತಿ ಅಂಚೆಗೆ ಹಾಕಿದರೆ, ದೂರದ ದೊಡ್ಡಾಸ್ಪತ್ರೆಯಿಂದ ಗುರುವಾರ ಆಹಾರತಜ್ಞೆ ಫೋನು ಮಾಡುತ್ತಿದ್ದಳು. ಕಚೇರಿಯ ಹೊತ್ತಿನಲ್ಲಿ ಮಗಳಿಗೆ ತೊಂದರೆಯಾಗದಿರಲೆಂದು ಆಸ್ಪತ್ರೆಗೆ ಕೊಟ್ಟಿದ್ದ ಫೋನಿನ ನಂಬರು ಸಾಹೇಬರದೇ. "ವಾಂತಿ ಇದ್ದಾಗ ಏರುತ್ತೆ ಸರ್. ಹೊಟ್ಟೆ ತುಂಬಾ ತಿನ್ನಲಿ, ಸ್ವಲ್ಪ ಸ್ವಲ್ಪ ಹತ್ತು ಸಲ ತಿನ್ನಲಿ. ಆರೇ ಇರಲಿ," ಎಂದಳು ಅವಳು. ಮಗಳ ವಯಸ್ಸಿನ ಹುಡುಗಿಯ ಸಡಿಲ ಮಾತು ಎಂದುಕೊಂಡು ಸಾಹೇಬರು ಐದಕ್ಕಿಳಿಸಿದರು. ಡಾಕ್ಟರು ಹೇಳಿದರೆಂದು ಮಗಳಿಗೆ ತಿಳಿಸಿದರು. ರಕ್ತದ ಕಾರ್ಡಿನ ಜೊತೆ ಪ್ರತಿ ವಾರ ಆಸ್ಪತ್ರೆಗೆ ಕಳಿಸುವ ಊಟದ ಲೆಕ್ಕದ ಹಾಳೆಯಲ್ಲಿ ಆರು ಎಂದೇ ಬರೆದರು. ಜೋಪಾನಕ್ಕೆಂದು ಕೈಯಲ್ಲಿಟ್ಟುಕೊಂಡ ಒಂದು ಅಂಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ ಎಂಬುದು ಅವರ ಎಣಿಕೆ.

ಎಂಟನೆಯ ವಾರ ಐನೂರ ಅರವತ್ತು. ಆ ಗುರುವಾರ ಆಸ್ಪತ್ರೆಯ ಹುಡುಗಿಯ ದನಿಯಲ್ಲಿ ಸಡಿಲ ಕಡಿಮೆಯಿತ್ತು. "ಪುಡಿ ತಗೊಳ್ತಿದಾರಾ? ತೂಕ ಹೇಗಿದೆ?"

"ಐವತ್ತೆರಡು," ಎಂದರು ಸಾಹೇಬರು. ಅದು ಎರಡು ತಿಂಗಳ ಹಿಂದಿನದು.

"ಆರು ಅಂಕ, ಪುಡಿ ಸರಿ, ತೂಕ ಇಳಿದಿಲ್ಲ. ಹಾಗಾದ್ರೆ ಲೆಕ್ಕಕ್ಕೆ ಬಾರದ್ದು ಏನೋ ಒಳಗೆ ಹೋಗ್ತಿದೆ ಸರ್. ಮನೇಲಿ ವಿಚಾರಿಸಿ."

ವಿಚಾರಿಸಲು ಅವರು ಅಂದೇ ಸಂಜೆ ಹೋದರು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ. ತಳದಲ್ಲಿ ಬೆಳ್ಳನೆಯ ಗಸಿ. ಬೀಗಿತ್ತಿ ಒಲೆಯ ಮುಂದೆ ನಿಂತಿದ್ದಳು.

"ಇದೇನು?"

"ಗಂಜಿ ಪುಡಿ ಕದಡಿ ಸಕ್ಕರೆ ಹಾಕಿದ್ದೆ. ಅದೇ, ನಿಮ್ಮ ಪಟ್ಟೀಲಿರೋ ಹಿಟ್ಟು. ಪಾಪ, ಅದೊಂದು ನಿಂತಿತು ಅವಳ ಹೊಟ್ಟೇಲಿ."

"ಹಾಲು ಹಾಕಿಲ್ಲವೇ?"

"ಏನಂದ್ರಿ?"

"ಹಾಲು ಹಾಕಿಲ್ಲವೇ ಅಂತ ಕೇಳಿದೆ."

ಮುನ್ನೂರು ಜನರ ಗಲಾಟೆಗೆ ಎದುರುತ್ತರ ಕೊಡುವವಳು ಒಲೆಯ ಕಡೆ ತಿರುಗಿ ಉರಿ ಆರಿಸಿದಳು. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಅಳಿಯ ಎಣ್ಣೆಯಾದ ಕೈಗಳನ್ನು ಹಾಗೇ ಹಿಡಿದುಕೊಂಡು, "ಮಾವಾ, ಅಮ್ಮ ಅಂಥ ಕೆಲಸ ಮಾಡೋಳಲ್ಲ," ಎಂದ. ಅವನ ಮಾತಿನಲ್ಲಿ ಬಲವಿರಲಿಲ್ಲ. ಅವನಿಗೂ ನಂಬರಿನ ಭಯವಿತ್ತು. ಅಂದಿನಿಂದ ಬೀಗಿತ್ತಿ ಸೊಸೆಗೆ ಒಂದು ಲೋಟ ನೀರು ಕೊಡುವುದನ್ನೂ ಬಿಟ್ಟಳು.

ಸಾಹೇಬರು ಮನೆಗೆ ಬಂದು ಹಾಳೆ ತೆಗೆದುಕೊಂಡು ಕುಳಿತರು. ಆರು ಅಂಕಕ್ಕೆ ನಂಬರು ಇನ್ನೂರ ಹತ್ತೇ ಇರಬೇಕು. ಐದು ಕೊಟ್ಟೂ ಐನೂರಾಗಿದೆ. ಆದ್ದರಿಂದ ಕಾಣದ ಕೈಯೊಂದು ಕೊಡುತ್ತಿರುವುದು ಕಡಿಮೆಯೆಂದರೂ ಎರಡು. ತಾವು ನಾಲ್ಕು ಕೊಟ್ಟರೆ ಆ ಎರಡು ಸೇರಿ ಆರಾಗುತ್ತದೆ. ಹೀಗೆ ಅಜ್ಞಾತ ಸಂಖ್ಯೆಯ ಬೆಲೆ ಸಿಕ್ಕಿತು. ಹಾಳೆಯಲ್ಲಿ ಆರು ಎಂದು ಬರೆಯುವಾಗ ಈ ಸಲ ಅದು ಸುಳ್ಳೆಂದೂ ಅನ್ನಿಸಲಿಲ್ಲ. ಮರುದಿನ ಪೆಟ್ಟಿಗೆಯ ತಳದಿಂದ ಇಕ್ಕಳ ಹೊರಬಂತು. ಒಂಬತ್ತನೆಯ ವಾರ ನಂಬರು ಆರುನೂರ ತೊಂಬತ್ತಾದಾಗ ಕಾಣದ ಎರಡು ಮೂರಾಗಿದೆಯೆಂದು ತೀರ್ಮಾನಿಸಿ ಡಬ್ಬಿಗಳಿಗೆ ಒಟ್ಟು ಮೂರೇ ಅಂಕ ಹಾಕಿದರು. "ಕರಕೊಂಡು ಬನ್ನಿ ಸರ್," ಎಂದು ಹುಡುಗಿ ಎರಡು ಸಲ ಹೇಳಿದ್ದಳು. ಆರು ತಾಸಿನ ಬಸ್ಸು ಬಸುರಿಗೆ ಒಳ್ಳೆಯದಲ್ಲವೆಂದು ಅವರು ಮುಂದಕ್ಕೆ ಹಾಕಿದ್ದರು.

ಮೂರು ಅಂಕದ ವಾರ ಮುಗಿದ ಗುರುವಾರ ಫೋನು ಬಂದಾಗ ಸಾಹೇಬರು ಮಾರನೆಯ ದಿನದ ಆಲೂಗಡ್ಡೆ ಆರಿಸುತ್ತಿದ್ದರು.

"ಎಂಟುನೂರ ಇಪ್ಪತ್ತು," ಎಂದಳು ಹುಡುಗಿ. "ನಾಳೆ ಬೆಳಗ್ಗೆ ಇಲ್ಲಿರಬೇಕು. ಇವತ್ತೇ ಹೊರಡಿ. ಮಗುವಿನ ಹೃದಯ ಕಟ್ಟಿಕೊಳ್ಳೋ ವಾರಗಳು ಸರ್ ಇವು. ನಿಮಗೆ ಗೊತ್ತಿದೆ ತಾನೆ?"

ನಾಲ್ವರೂ ಹೊರಟರು. ಬೀಗಿತ್ತಿಯನ್ನು ಯಾರೂ ಕರೆಯಲಿಲ್ಲ. ಕ್ಯಾಂಟೀನಿಗೆ ರಜೆ ಹೇಳಿ ಆಕೆಯೇ ಚಪ್ಪಲಿ ಮೆಟ್ಟಿ ನಿಂತಳು. "ನನ್ನ ಮೇಲಿನ ಅಪವಾದ ನನ್ನ ಎದುರಿಗೇ ತೀರ್ಮಾನ ಆಗಲಿ. ಹಾಲು ಹಾಕಿದ್ದೀನೋ ಇಲ್ವೋ ಅಂತ ರಕ್ತ ನೋಡಿ ಹೇಳ್ತಾರಂತಲ್ಲ, ನೋಡೇಬಿಡೋಣ."

ಆಸ್ಪತ್ರೆಯ ಕೋಣೆ ಚಿಕ್ಕದು. ಒಂದು ಮೇಜು, ಮೂರು ಕುರ್ಚಿ, ಕಪಾಟಿನಲ್ಲಿ ಪುಡಿಯ ಡಬ್ಬಗಳ ಸಾಲು. ಆಹಾರತಜ್ಞೆ ಕನ್ನಡಕ ಹಾಕಿದ ಸಣಕಲು ಹುಡುಗಿ. ಮಗಳು ಒಳಗೆ ಬಂದದ್ದನ್ನು ನೋಡಿದ ಕೂಡಲೇ ಅವಳು ಎದ್ದು ನಿಂತಳು. ರಕ್ತದ ಮಾತನ್ನೇ ಎತ್ತಲಿಲ್ಲ.

"ಚಪ್ಪಲಿ ಬಿಟ್ಟು ಇದರ ಮೇಲೆ ಹತ್ತಿ."

ಮಗಳು ಹತ್ತಿದಳು. ಮುಳ್ಳು ಸ್ವಲ್ಪ ತೂಗಾಡಿ ನಲವತ್ತೈದೂವರೆಯ ಮೇಲೆ ನಿಂತಿತು.

ಹುಡುಗಿ ಸಾಹೇಬರ ಕಡೆ ತಿರುಗಿದಳು. "ನೀವು ಐವತ್ತೆರಡು ಅಂದ್ರಿ."

"ಈ ಯಂತ್ರವನ್ನು ಕೊನೆಗೆ ಪರೀಕ್ಷಿಸಿದ್ದು ಯಾವಾಗ?" ಎಂದು ಕೇಳಿದರು ಸಾಹೇಬರು.

"ಹೋದ ತಿಂಗಳು."

ಅವರು ಬಗ್ಗಿ ನೋಡಿದರು. ಪಕ್ಕದಲ್ಲಿ ಮುದ್ರೆಯಿತ್ತು. ಈ ವರ್ಷದ್ದೇ. ಅವರು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ದಿನಕ್ಕೆ ಏನೇನು ತಿಂತಿದೀರಿ? ನೀವು ಹೇಳಿ, ಅಪ್ಪ ಬೇಡ," ಎಂದಳು ಹುಡುಗಿ. ಮಗಳು ಹೇಳಿದಳು. ಬೆಳಿಗ್ಗೆ ಆಲೂಗಡ್ಡೆ ಒಂದು ಅಂಕ. ಮಧ್ಯಾಹ್ನ ಅನ್ನ ಒಂದು ಅಂಕ. ಸಂಜೆ ಒಂದು. ಬ್ರೆಡ್ಡು ಒಂದು ಚೂರು. ಸಕ್ಕರೆ ಎರಡು ಚಮಚ. ಹೇಳುತ್ತ ಹೇಳುತ್ತ ಎದುರಿನ ಮುಖ ಬದಲಾಗುವುದನ್ನು ಕಂಡು ಅವಳ ದನಿ ನಿಂತಿತು.

"ಮೂರು ಅಂಕ ಅಂತ ನಿಮಗೆ ಹೇಳಿದ್ಯಾರು?"

"ನೀವೇ ಅಲ್ವಾ?"

"ನಾನು ಯಾವತ್ತೂ ಆರಕ್ಕಿಂತ ಕಡಿಮೆ ಹೇಳಿಲ್ಲ." ಹುಡುಗಿ ಕಡತ ತೆರೆದು ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ನಾಲ್ಕು ವಾರದ ನಾಲ್ಕು ಹಾಳೆ. ದುಂಡಗಿನ, ತಿದ್ದಿ ಬರೆದ ಅಕ್ಷರ. ಪ್ರತಿ ದಿನದ ಎದುರೂ ಆರು, ಆರು, ಆರು.

ಹುಡುಗಿ ಹೇಳತೊಡಗಿದಳು, ಸಾಹೇಬರಿಗಲ್ಲ, ಮಗಳಿಗೆ. "ದೇಹಕ್ಕೆ ಹೊರಗಿಂದ ಸಾಕಷ್ಟು ಬರದಿದ್ರೆ ಅದು ಒಳಗಿಂದ ತಗೊಳ್ಳುತ್ತೆ. ತನ್ನ ಮಾಂಸವನ್ನೇ ಕರಗಿಸುತ್ತೆ. ಅದೂ ಪ್ರೋಟೀನೇ ತಾನೆ? ಕರಗಿದ್ದೆಲ್ಲ ರಕ್ತಕ್ಕೆ ಬರುತ್ತೆ. ನೀವು ಕಡಿಮೆ ತಿಂದಷ್ಟೂ ನಂಬರು ಏರಿದ್ದು ಅದಕ್ಕೇ. ನಿಮಗೆ ಯಾರೂ ಏನೂ ಹೆಚ್ಚಿಗೆ ಕೊಟ್ಟಿಲ್ಲ."

ಬೀಗಿತ್ತಿ ಗೋಡೆಗೊರಗಿ ನಿಂತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳು ಆಕೆಯಲ್ಲಿ ಬೇಕಾದಷ್ಟಿದ್ದಿರಬೇಕು. ಆದರೆ ಆಕೆ ಕೇಳಿದ್ದು ಒಂದೇ. "ಅಮ್ಮಾ, ಗಂಜಿ ಪುಡಿಗೆ ಸಕ್ಕರೆ ಹಾಕಿ ಕೊಡಬಹುದಿತ್ತಾ ಇವಳಿಗೆ?"

"ಕೊಡಬಹುದಿತ್ತಾ ಅಂದ್ರೇನು? ದಿನಕ್ಕೆ ನಾಲ್ಕು ಸಲ ಕೊಡಬೇಕಿತ್ತು."

ಬೀಗಿತ್ತಿ ಸಾಹೇಬರ ಕಡೆ ಒಮ್ಮೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಡಾಕ್ಟ್ರು ಹೇಳಿದ್ದಾರೆ ಅಂದ್ರಲ್ಲಪ್ಪಾ," ಎಂದಳು ಮಗಳು.

"ಜೋಪಾನಕ್ಕೆ ಅಂತ..."

"ಯಾರ ಜೋಪಾನಕ್ಕೆ?"

ಮಗಳನ್ನು ಅಂದೇ ಸೇರಿಸಿಕೊಂಡರು. ರಕ್ತನಾಳಕ್ಕೆ ಸಕ್ಕರೆಯ ನೀರು ಹರಿಯಿತು, ವಾಂತಿಗೆ ಔಷಧ ಬಿತ್ತು. ಬೆಣ್ಣೆ ಹಚ್ಚಿದ ಪ್ರೋಟೀನಿಲ್ಲದ ಬ್ರೆಡ್ಡು ಎರಡು ತಾಸಿಗೊಮ್ಮೆ ಬಂತು. ಸಾಹೇಬರು ಹೊರಗಿನ ಬೆಂಚಿನ ಮೇಲೆ ಕುಳಿತು, ಬರುವ ತಟ್ಟೆಗಳನ್ನೂ ವಾಪಸಾಗುವ ತಟ್ಟೆಗಳನ್ನೂ ನೋಡಿದರು. ಅವಳು ತಿಂದಳು, ನಂಬರು ಇಳಿಯಿತು. ಇನ್ನಷ್ಟು ತಿಂದಳು, ಇನ್ನಷ್ಟು ಇಳಿಯಿತು. ಎಂಟುನೂರ ಇಪ್ಪತ್ತು ಐನೂರಾಯಿತು. ಹನ್ನೊಂದನೆಯ ದಿನ ಮುನ್ನೂರ ಮೂವತ್ತು. ಅಂದು ಅಳಿಯ ಬೆಂಚಿನ ಬಳಿ ಬಂದು, "ಮಾವಾ, ಇಳಿದಿದೆ," ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಸಾಹೇಬರು ತಲೆಯಾಡಿಸಿದರು. ಏಳನೆಯ ವಾರದಿಂದ ಈವರೆಗೆ ನಂಬರು ಗೆರೆ ಮೀರಿದ ವಾರಗಳು ಐದು. ಇಳಿದದ್ದು ಮುಂದಕ್ಕೆ ಇಳಿಯಿತು. ಹಿಂದಿನ ಐದರಲ್ಲಿ ಒಂದೂ ಕಳೆಯಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಸೊಸೆಯ ಅಡುಗೆ ಬೀಗಿತ್ತಿಯ ಕೈಗೆ ಹೋಯಿತು. ಆಹಾರತಜ್ಞೆ ಕಲಿಸಿಕೊಟ್ಟಂತೆ ಆಕೆ ಅನ್ನವನ್ನು ಗ್ರಾಮಿನಲ್ಲಿ ತೂಗಿದಳು; ಉಳಿದದ್ದನ್ನು ತನ್ನ ಕಣ್ಣಳತೆಯಲ್ಲೇ ಬಡಿಸಿದಳು, ತಟ್ಟೆ ತುಂಬ. ಫೋನಿನ ನಂಬರನ್ನು ಮಗಳು ತನ್ನದಕ್ಕೆ ಬದಲಾಯಿಸಿಕೊಂಡಳು. ಸಾಹೇಬರು ವಾರಕ್ಕೊಮ್ಮೆ ಹೋಗಿ ಕುರ್ಚಿಯ ಅಂಚಿನಲ್ಲಿ ಕುಳಿತು ಬರುತ್ತಿದ್ದರು. "ಹೇಗಿದ್ದೀಯಾ?" ಎಂದರೆ "ಇದ್ದೀನಿ," ಎನ್ನುತ್ತಿದ್ದಳು. ಜಗಳವಾಗಲಿಲ್ಲ, ಕಣ್ಣೀರಾಗಲಿಲ್ಲ. ಅವಳ ಮೈ ತುಂಬಿತು, ಮುಖಕ್ಕೆ ಬಣ್ಣ ಬಂತು. ಕಚೇರಿಯಿಂದ ಹಾಳೆಗಳು ವಾಪಸು ಬರುವುದು ನಿಂತಿತು. ತಲೆ ತಿಳಿಯಾದಂತೆ ಅವಳಿಗೆ ಎಲ್ಲವೂ ಒಂದೊಂದಾಗಿ ನೆನಪಿಗೆ ಬರುತ್ತಿರಬೇಕೆಂದು ಸಾಹೇಬರಿಗೆ ಅನ್ನಿಸುತ್ತಿತ್ತು.

ಇಪ್ಪತ್ತನೆಯ ವಾರ ಮಗುವಿನ ಹೃದಯದ ಸ್ಕ್ಯಾನಿಂಗ್. ಅದೂ ದೊಡ್ಡಾಸ್ಪತ್ರೆಯಲ್ಲೇ. ಈ ಸಲ ಕರೆಯದೆ ಬಂದವರು ಸಾಹೇಬರು. ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ನಿಂತಿದ್ದ ಅವರನ್ನು ಕಂಡು ಅಳಿಯ, "ಬನ್ನಿ ಮಾವಾ," ಎಂದ. ಮಗಳು ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

ಕತ್ತಲೆ ಕೋಣೆಯೊಳಗೆ ಮಗಳು, ಅಳಿಯ ಇಬ್ಬರನ್ನೇ ಬಿಟ್ಟರು. ಹೊರಗೆ ಬೆಂಚಿನ ಎರಡು ತುದಿಗಳಲ್ಲಿ ಸಾಹೇಬರೂ ಬೀಗಿತ್ತಿಯೂ ಕುಳಿತರು. ಹತ್ತು ನಿಮಿಷದ ಪರೀಕ್ಷೆಯೆಂದಿದ್ದರು. ನಲವತ್ತು ನಿಮಿಷ ಕಳೆಯಿತು. ಒಳಗಿದ್ದ ವೈದ್ಯೆ ಒಮ್ಮೆ ಹೊರಬಂದು ಇನ್ನೊಬ್ಬ ಹಿರಿಯ ವೈದ್ಯರನ್ನು ಕರೆದುಕೊಂಡು ಹೋದಳು. ಬೀಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಇಬ್ಬರು ಯಾಕೆ ಬೇಕು ಒಂದು ಹೃದಯ ನೋಡೋಕೆ?" ಎಂದಳು. ಯಾರನ್ನೂ ಕೇಳಿದ್ದಲ್ಲ.

ಎಲ್ಲರನ್ನೂ ಒಳಗೆ ಕರೆದು ಹಿರಿಯ ವೈದ್ಯರೇ ಹೇಳಿದರು. ಕಾಗದದ ಮೇಲೆ ನಾಲ್ಕು ಕೋಣೆಯ ಚಿತ್ರ ಬರೆದು, ಕೆಳಗಿನ ಎರಡರ ನಡುವಿನ ಗೋಡೆಯಲ್ಲಿ ಪೆನ್ನಿನಿಂದ ಒಂದು ಅಂತರ ಬಿಟ್ಟರು. "ಇಲ್ಲಿ ತೂತು ಉಳಿದಿದೆ. ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಬಹುದು. ಇದು ನಾವು ಮಾಡಬಲ್ಲ ಕೆಲಸ, ಹೆದರಬೇಡಿ. ತಲೆಯ ಸುತ್ತಳತೆ ಮಾತ್ರ ಸ್ವಲ್ಪ ಕಡಿಮೆಯ ಅಂಚಿನಲ್ಲಿದೆ. ಮುಂದೆ ಬೆಳವಣಿಗೆ ಹೇಗಾಗುತ್ತೆ ಅಂತ ನೋಡಬೇಕು."

"ಬುದ್ಧಿ?" ಎಂದಳು ಮಗಳು.

"ಅದನ್ನ ಈಗ ಯಾರೂ ಹೇಳೋಕಾಗಲ್ಲಮ್ಮ. ಚೆನ್ನಾಗಿರಬಹುದು. ಹುಟ್ಟಿ, ನಡೆದು, ಮಾತಾಡೋ ಹೊತ್ತಿಗೆ ಗೊತ್ತಾಗುತ್ತೆ."

"ತೂತು ಎಷ್ಟು ದೊಡ್ಡದು?" ಎಂದು ಸಾಹೇಬರು ಕೇಳಿದರು.

"ಮೂರು ಮಿಲಿಮೀಟರು."

"ಯಾವ ಕಾಯಿಲೆಯೂ ಇಲ್ಲದ ತಾಯಂದಿರ ಮಕ್ಕಳಿಗೂ ಹೀಗೆ ಬರುತ್ತದೆಯೇ?"

ವೈದ್ಯರು ಕಾಗದದಿಂದ ತಲೆಯೆತ್ತಿ ಆ ಮುದುಕರ ಮುಖವನ್ನು ನೋಡಿದರು. "ನೂರಕ್ಕೆ ಒಂದು ಮಗುವಿಗೆ ಹೃದಯದಲ್ಲಿ ಏನಾದರೂ ಇದ್ದೇ ಇರುತ್ತೆ."

"ನೂರಕ್ಕೆ ಒಂದು," ಎಂದರು ಸಾಹೇಬರು.

"ಇವರ ವಿಷಯದಲ್ಲಿ ಆ ಲೆಕ್ಕ ಹಿಡಿಯೋಕೆ ಬರಲ್ಲ."

ಹೊರಗೆ ಬಂದ ಮೇಲೆ ಅಳಿಯ ಮಾತಿಗಾಗಿ ತಡಕಾಡಿದ. "ಮುಚ್ಚಬಹುದು ಅಂದ್ರಲ್ಲ. ಮೂರು ಮಿಲಿಮೀಟರು ಅಂದ್ರೆ ಎಷ್ಟು, ಒಂದು ಸಣ್ಣ ಸ್ಕ್ರೂ ಅಷ್ಟು. ಅಲ್ವಾ ಮಾವಾ? ನಮ್ಮ ಕಂಪನೀಲಿ ಒಬ್ಬನ ಮಗಳಿಗೂ ಮುಚ್ಚಿದ್ರಂತೆ, ಈಗ ಸ್ಕೂಲಲ್ಲಿ ಓಡ್ತಾಳಂತೆ." ಮಗಳು ಕಾರಿಡಾರಿನ ಕಿಟಕಿಗೆ ಬೆನ್ನು ಕೊಟ್ಟು ನಿಂತು, ಎರಡೂವರೆ ತಿಂಗಳಲ್ಲಿ ಮೊದಲ ಸಲ ತಂದೆಯ ಮುಖವನ್ನು ನೇರವಾಗಿ ನೋಡಿದಳು.

"ಅಣ್ಣಂದು ಯಾರಿಗೂ ಗೊತ್ತಿಲ್ಲದೆ ಆಗಿದ್ದಪ್ಪಾ," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಇದು ಗೊತ್ತಿದ್ದು ಆಗಿದ್ದು."

"ಬಿಡೇ," ಎಂದಳು ಬೀಗಿತ್ತಿ ಮೆಲ್ಲಗೆ.

"ಬಿಟ್ಟಿದ್ದೀನತ್ತೆ. ಹೆರಿಗೆ ಆದ ಮೇಲೆ ಅವ್ರು ಬರೋದು ಬೇಡ. ಮಗು ತಿನ್ನೋದನ್ನ ನಾನೇ ನೋಡ್ಕೊಳ್ತೀನಿ."

ಎದುರಿಗೇ ಇದ್ದ ಸಾಹೇಬರು ಅಲ್ಲಿಲ್ಲವೆಂಬಂತೆ ಅವಳು ಮಾತಾಡಿದ್ದಳು. ಏನನ್ನೋ ಹೇಳಲು ಅವರು ಬಾಯಿ ತೆರೆದರು. ಹಸಿದ ಮಗಳನ್ನು ದಿನವೂ ಎದುರಿಗೆ ನಿಲ್ಲಿಸಿಕೊಂಡು ತಾವು ನೋಡಿದ್ದು ಲೋಟದ ತಳವನ್ನು ಎಂಬುದು ಆಗ ನೆನಪಾಯಿತು. ಬಾಯಿ ಮುಚ್ಚಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಜನ ಹೆಚ್ಚಿರಲಿಲ್ಲ. ಮೂವರ ಸೀಟಿನಲ್ಲಿ ಅಳಿಯ, ಮಗಳು, ಬೀಗಿತ್ತಿ ಕುಳಿತರು. ಸಾಹೇಬರು ಅವರ ಹಿಂದಿನ ಸೀಟಿನಲ್ಲಿ ಒಬ್ಬರೇ ಕುಳಿತು ಮುಂದಿನ ಸರಳನ್ನು ಹಿಡಿದುಕೊಂಡರು. ಊರು ಕಳೆದು ಹೊಲಗಳು ಶುರುವಾದಾಗ ಬೀಗಿತ್ತಿ ಒಂದು ಕಿತ್ತಳೆ ಸುಲಿದು ತೊಳೆಗಳನ್ನು ಒಂದೊಂದಾಗಿ ಸೊಸೆಯ ಅಂಗೈಗೆ ಹಾಕಿದಳು. ಸೊಸೆ ನೋಡದೆ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ನಿದ್ದೆ ಹತ್ತಿತು. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ತಲೆ ಹಿಂದಕ್ಕೆ ಒರಗಿ, ಬಿಚ್ಚಿಕೊಂಡಿದ್ದ ಜಡೆಯ ತುದಿ ಸರಳಿನ ಮೇಲಿದ್ದ ಸಾಹೇಬರ ಕೈಯ ಮೇಲೆ ಬಿತ್ತು.

ಕಂಡಕ್ಟರು ಮುಂದಿನ ಸೀಟಿಗೆ ಮೂರು ಟಿಕೆಟು ಹರಿದುಕೊಟ್ಟು ಇವರ ಬಳಿ ಬಂದು ನಿಂತ.

"ನೀವು ಅವರ ಜೊತೆಯವರಾ?"

ಸಾಹೇಬರು ಬಲಗೈಯನ್ನು ಅಲುಗಿಸದೆ, ಎಡಗೈಯನ್ನು ಅಡ್ಡವಾಗಿ ತಂದು ಬಲಜೇಬಿನೊಳಕ್ಕೆ ಕಷ್ಟಪಟ್ಟು ತೂರಿಸಿದರು.

"ಒಂದು ಕೊಡಿ," ಎಂದರು, ಬಹಳ ಮೆಲ್ಲಗೆ.